ಜಪಾನಿನ ಕೋಟೆಯ ಹೆಬ್ಬಾಗಿಲು: ಶತ್ರುವಿಗೆ ಕಟ್ಟಿದ್ದೋ, ಅತಿಥಿಗೆ ಕಟ್ಟಿದ್ದೋ?

ಕೆಂಗಲ್ಲು

ಮುಂದಿನ ವಸಂತದಲ್ಲಿ ಒಸಾಕಾ, ಹಿಮೇಜಿ, ಕ್ಯೋಟೊ ನೋಡಲು ಹೊರಟಿದ್ದೇನೆ. ಹೋಗುವ ಮುನ್ನ ಅಲ್ಲಿನ ಕೋಟೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಯಾವ ಪುಟ ತೆರೆದರೂ ತೆನ್ಶು ಎಂಬ ಮುಖ್ಯ ಗೋಪುರದ್ದೇ ದರ್ಬಾರು. ಆದರೆ ಎಡೊ ಕಾಲದ ಎರಡೂವರೆ ಶತಮಾನಗಳಲ್ಲಿ ದೊರೆಗಳು ವಾಸವಿದ್ದದ್ದು ಗೋಪುರದಲ್ಲಲ್ಲ, ಕೆಳಗಿನ ಅರಮನೆಯಲ್ಲಿ. ಎಡೊ, ಅಂದರೆ ಇಂದಿನ ಟೋಕಿಯೊದ ಕೋಟೆಯ ಗೋಪುರ 1657ರ ಬೆಂಕಿಗೆ ಆಹುತಿಯಾದ ಮೇಲೆ ಮತ್ತೆ ಕಟ್ಟಲೇ ಇಲ್ಲ. ಒಸಾಕಾದ ಗೋಪುರ 1665ರಲ್ಲಿ ಸಿಡಿಲಿಗೆ ಸುಟ್ಟುಹೋಯಿತು. 1931ರವರೆಗೆ ಆ ಜಾಗ ಬರಿದಾಗಿಯೇ ಇತ್ತು. ಗೋಪುರವಿಲ್ಲದೆ, ಚಕ್ರವರ್ತಿಯ ಹೆಸರಿನಲ್ಲಿ ನಾಡನ್ನು ಆಳುತ್ತಿದ್ದ ಸೇನಾಧಿಪತಿಗಳಾದ ಶೋಗನ್‌ಗಳ ಆಡಳಿತ ಇನ್ನೂರು ವರ್ಷ ಆರಾಮವಾಗಿ ನಡೆಯಿತು. ಹೆಬ್ಬಾಗಿಲನ್ನು ಮಾತ್ರ ಹಾಗೆ ಬಿಟ್ಟವರಿಲ್ಲ. ಬಿದ್ದಾಗಲೆಲ್ಲ ಕಟ್ಟಿದರು, ಸುಟ್ಟಾಗಲೆಲ್ಲ ಎತ್ತಿ ನಿಲ್ಲಿಸಿದರು.

ನನ್ನ ಅನುಮಾನ ಇಷ್ಟು. 1615ರಲ್ಲಿ ತೊಕುಗಾವಾ ಶೋಗನ್‌ಗಳ ಎದುರಾಳಿಯಾದ ತೊಯೊತೊಮಿ ವಂಶ ಒಸಾಕಾದಲ್ಲಿ ಅಳಿದ ಮೇಲೆ, 1637–38ರ ಶಿಮಾಬಾರಾ ದಂಗೆಯೊಂದನ್ನು ಬಿಟ್ಟರೆ, ದೇಶದಲ್ಲಿ ದೊಡ್ಡ ಯುದ್ಧವೇ ಇರಲಿಲ್ಲ. ಹಾಗಿದ್ದೂ ಈ ಬಾಗಿಲುಗಳ ಮೇಲೆ ಅಷ್ಟು ಮರ, ಕಬ್ಬಿಣ, ಕಲ್ಲು ಸುರಿದದ್ದೇಕೆ? ಅವು ಶತ್ರುವಿಗಿಂತ ಹೆಚ್ಚಾಗಿ ಒಳಗೆ ಬರುವ ಅತಿಥಿಗೆ ಮಾತಾಡುತ್ತಿದ್ದವು ಎಂದು ನನಗೆ ತೋರುತ್ತದೆ. ಮೀನು, ಹಂದಿಕಣ್ಣು, ರಕ್ಕಸನ ಮುಖದ ಹೆಂಚು, ಆಳೆತ್ತರದ ಬಂಡೆಗಳು, ಇವುಗಳಲ್ಲಿ ಯಾವುದು ನಿಜವಾದ ಸಂಕೇತ, ಯಾವುದು ಮಾರ್ಗದರ್ಶಿಗಳು ಕಟ್ಟಿದ ಕಥೆ? ಬಲ್ಲವರು ಬಿಡಿಸಿ ಹೇಳಬೇಕು.

ಹಳೆಯ ಎಂಜಿನಿಯರ್

ಕೆಂಗಲ್ಲು ಅವರೇ, ಪ್ರಶ್ನೆ ಚೆನ್ನಾಗಿದೆ. ಆದರೆ ಸಂಕೇತದ ಮಾತು ಬರುವ ಮೊದಲು ಆ ಬಾಗಿಲು ಏನು ಕೆಲಸ ಮಾಡುತ್ತದೆ ಎಂದು ತಿಳಿಯೋಣ.

ಜಪಾನಿನ ಕೋಟೆಯ ಮುಖ್ಯ ದ್ವಾರ ಎಂದರೆ ಒಂದು ಬಾಗಿಲಲ್ಲ, ಎರಡು ಬಾಗಿಲುಗಳು ಮತ್ತು ಅವುಗಳ ನಡುವಿನ ಒಂದು ಚೌಕಾಕಾರದ ಅಂಗಳ. ಇದಕ್ಕೆ ಮಸುಗಾತಾ ಎಂದು ಹೆಸರು. ಅಕ್ಕಿ ಅಳೆಯುವ ಅವರ ಚೌಕ ಮರದ ಪಾವಿನಿಂದ ಬಂದದ್ದು. ಕಂದಕದ ಸೇತುವೆ ದಾಟಿದೊಡನೆ ಸಿಗುವುದು ಚಿಕ್ಕದಾದ ಹೊರಬಾಗಿಲು, ಕೊರೈಮೊನ್. ಅದನ್ನು ದಾಟಿ ಒಳಗೆ ಕಾಲಿಟ್ಟರೆ ಎದುರಿಗೆ ಬರಿಯ ಕಲ್ಲಿನ ಗೋಡೆ. ಒಳಬಾಗಿಲು ಎದುರಿಗಿಲ್ಲ, ಪಕ್ಕಕ್ಕಿದೆ. ತೊಂಬತ್ತು ಡಿಗ್ರಿ ತಿರುಗಲೇಬೇಕು. ತಿರುಗಿದರೆ ಯಾಗುರಾಮೊನ್: ಎರಡು ಪಕ್ಕದ ಕಲ್ಲುಗೋಡೆಗಳ ಮೇಲೆ ಸೇತುವೆಯ ಹಾಗೆ ಕೂತ ಉದ್ದನೆಯ ಮಾಳಿಗೆ, ಅದರ ಕೆಳಗೆ ಕಬ್ಬಿಣದ ಪಟ್ಟಿ ಬಡಿದ ಕದಗಳು. ಮಾಳಿಗೆಯ ನೆಲದ ಹಲಗೆಗಳನ್ನು ಸರಿಸಿದರೆ ಕದದ ಮುಂದೆ ನಿಂತವನ ನೆತ್ತಿ ಕಾಣುತ್ತದೆ. ಅಲ್ಲಿಂದ ಕಲ್ಲು ಬೀಳುತ್ತದೆ, ಈಟಿ ಇಳಿಯುತ್ತದೆ. ಸುತ್ತಲಿನ ಮೂರು ದಿಕ್ಕಿನಿಂದ ಬಾಣ, ಗುಂಡು.

ಕೊರೈಮೊನ್‌ನ ಮಾಡನ್ನು ಬೇಕೆಂದೇ ಸಣ್ಣದಾಗಿ ಇಟ್ಟಿದ್ದಾರೆ. ದೊಡ್ಡ ಮಾಡಿದ್ದರೆ ದಾಳಿಕಾರ ಅದರ ಕೆಳಗೆ ಅವಿತುಕೊಳ್ಳುತ್ತಿದ್ದ, ಮೇಲಿನ ಕಾವಲಿನವನ ನೋಟಕ್ಕೂ ಅಡ್ಡವಾಗುತ್ತಿತ್ತು. ಇದರಲ್ಲಿ ಸಂಕೇತ ಎಲ್ಲಿದೆ? ಇದು ಶುದ್ಧ ಲೆಕ್ಕಾಚಾರ. ಮೀನು, ಹೂವು, ಲಾಂಛನ ಎಲ್ಲ ಆಮೇಲೆ ಅಂಟಿಸಿದ್ದು.

ಯೊಡೊ ದಂಡೆ

ಒಸಾಕಾದಲ್ಲಿ ಇರುವವನು ನಾನು. ಹಳೆಯ ಎಂಜಿನಿಯರ್ ಅವರ ವಿವರಣೆಯಲ್ಲಿ ತಪ್ಪಿಲ್ಲ, ತೀರ್ಮಾನ ಮಾತ್ರ ಒಪ್ಪಿಗೆಯಿಲ್ಲ.

ಒಸಾಕಾ ಕೋಟೆಯ ಒಳಕೋಟೆಗೆ ಹೋಗುವ ಸಕುರಾಮೊನ್ ಎಂಬ ಬಾಗಿಲಿದೆ. ಈಗಿರುವುದು 1887ರಲ್ಲಿ ಸೇನೆಯವರು ಮತ್ತೆ ಕಟ್ಟಿದ್ದು, ಹಳೆಯದು 1868ರ ಗಲಭೆಯಲ್ಲಿ ಸುಟ್ಟುಹೋಗಿತ್ತು. ಬಾಗಿಲನ್ನು ಬಿಡಿ, ಒಳಗೆ ಹೋಗಿ ತಲೆಯೆತ್ತಿ. ಎದುರಿಗೆ ಒಂದೇ ಬಂಡೆ. ಅದರ ಮುಖದ ವಿಸ್ತಾರ 59 ಚದರ ಮೀಟರಿಗಿಂತ ಹೆಚ್ಚು. ಬೆಂಗಳೂರಿನಲ್ಲಿ ಅಷ್ಟು ಜಾಗಕ್ಕೆ ಒಂದು ಸಣ್ಣ ಮನೆಯ ಬಾಡಿಗೆ ಕೊಡುತ್ತೇವೆ. ತೂಕ ಸುಮಾರು 108 ಟನ್ ಎಂದು ಅಂದಾಜು. ಎಡಗಡೆಯ ಕೆಳಮೂಲೆಯಲ್ಲಿ ಅಷ್ಟಪದಿಯ ತಲೆಯಂತೆ ಕಂದು ಕಲೆಯಿದೆ. ಅದರಿಂದಲೇ ತಾಕೋ ಇಶಿ, ಅಂದರೆ ಅಷ್ಟಪದಿ ಬಂಡೆ ಎಂಬ ಹೆಸರು. ಒಕಾಯಾಮಾದ ದೊರೆ ಇಕೆದಾ ತದಾಓ ಒಳನಾಡು ಕಡಲಿನ ಇನುಜಿಮಾ ದ್ವೀಪದ ಕಡೆಯಿಂದ ಹಡಗಿನಲ್ಲಿ ತರಿಸಿದ್ದು.

ಎಂಜಿನಿಯರ್ ಸಾಹೇಬರು ಇಲ್ಲಿ ಕಿವಿಗೊಡಬೇಕು. ಆ ಬಂಡೆಯ ದಪ್ಪ ಒಂದು ಮೀಟರಿಗೂ ಕಡಿಮೆ ಎಂದು ಅಂದಾಜಿದೆ. ಅದು ಬಂಡೆಯಲ್ಲ, ಚಪ್ಪಡಿ! ಅಗಲವಾದ ಮುಖವನ್ನು ಹೊರಕ್ಕೆ ಮಾಡಿ ನಿಲ್ಲಿಸಿದ್ದಾರೆ. ಕಲ್ಲುಗೋಡೆ ಗಟ್ಟಿಯಾಗಿರಬೇಕಾದರೆ ಉದ್ದನೆಯ ಕಲ್ಲನ್ನು ಮಣ್ಣಿನ ಒಳಕ್ಕೆ ತೂರಿಸಿ, ಅದರ ಸಣ್ಣ ತುದಿಯನ್ನಷ್ಟೇ ಹೊರಗೆ ತೋರಿಸುತ್ತಾರೆ. ಜಪಾನಿನ ಕಲ್ಲುಕುಟಿಗರಿಗೆ ಇದು ಚೆನ್ನಾಗಿ ಗೊತ್ತಿತ್ತು, ಅದೇ ಕೋಟೆಯ ಉಳಿದ ಗೋಡೆಗಳನ್ನು ಹಾಗೆಯೇ ಕಟ್ಟಿದ್ದಾರೆ. ಬಾಗಿಲಿನ ಎದುರು ಮಾತ್ರ ಉಲ್ಟಾ. ರಕ್ಷಣೆಯ ದೃಷ್ಟಿಯಿಂದ ಕೆಟ್ಟ ಕಟ್ಟಡ, ನೋಟದ ದೃಷ್ಟಿಯಿಂದ ಎದೆ ನಡುಗಿಸುವ ಕಟ್ಟಡ. ಇಂಥ ಕಲ್ಲುಗಳನ್ನು ಕಾಗಾಮಿ ಇಶಿ, ಕನ್ನಡಿಕಲ್ಲು ಎನ್ನುತ್ತಾರೆ.

ಇನ್ನೊಂದು ವಿಷಯ. 1620ರಿಂದ 1629ರವರೆಗೆ ತೊಕುಗಾವಾ ಶೋಗನ್‌ಗಳು ಈ ಕೋಟೆಯನ್ನು ಹೊಸದಾಗಿ ಕಟ್ಟಿಸಿದಾಗ ಪಶ್ಚಿಮ ಭಾಗದ ದೊರೆಗಳ ಮೇಲೆ ಕೆಲಸವನ್ನು ಹೇರಿದರು. ಯಾವ ದೊರೆಗೆ ಯಾವ ಗೋಡೆ ಎಂದು ಹಂಚಿಕೆ. ಕಲ್ಲುಗಳ ಮೇಲೆ ಆಯಾ ದೊರೆಯ ಗುರುತು ಇಂದಿಗೂ ಕಾಣುತ್ತದೆ. ಶೋಗನ್‌ಗೆ ತನ್ನ ನಿಷ್ಠೆ ಎಷ್ಟು ಟನ್ ಎಂದು ತೋರಿಸುವ ಪೈಪೋಟಿ ಅದು. ಹಾಗೆ ನೋಡಿದರೆ ತಾಕೋ ಇಶಿ ಹೆದರಿಸುವುದು ಶತ್ರುವನ್ನಲ್ಲ, ಅದನ್ನು ಹೊತ್ತು ತಂದ ದೊರೆಗಳನ್ನೇ.

ಹಳೆಯ ಎಂಜಿನಿಯರ್

ಚಪ್ಪಡಿಯ ಮಾತನ್ನು ಒಪ್ಪಿದೆ. ಆದರೆ ಹೆದರಿಸುವುದೂ ಯುದ್ಧದ ಭಾಗವೇ ತಾನೇ? ಮುತ್ತಿಗೆ ಹಾಕುವ ಮೊದಲೇ ಎದುರಾಳಿಯ ಮನಸ್ಸು ಮುರಿದರೆ ಗುಂಡು ಉಳಿಯಿತು.

ಮಲ್ಲಿಗೆ ಹಂದರ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮೆ ಇರಲಿ. ನನ್ನ ತಂಗಿ ಕಳೆದ ವರ್ಷ ಕಳಿಸಿದ ಫೋಟೊಗಳಲ್ಲಿ ಕೋಟೆಯ ಬಾಗಿಲ ಮೇಲೂ ದೇವಸ್ಥಾನದ ಮಾಡಿನ ಮೇಲೂ ತಲೆಕೆಳಗಾದ ಹೃದಯದ ಚಿಹ್ನೆ ಇತ್ತು. ಪ್ರೇಮಿಗಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರಂತೆ. ಸಮುರಾಯ್‌ಗಳಿಗೆ ಹೃದಯದ ಚಿಹ್ನೆ ಎಲ್ಲಿಂದ ಬಂತು?

ಉಳಿ ಸುತ್ತಿಗೆ

ಅದು ಹೃದಯವಲ್ಲ ತಾಯಿ, ಕಾಡುಹಂದಿಯ ಕಣ್ಣು. ಇನೊಮೆ ಎನ್ನುತ್ತಾರೆ. ಬೆಂಕಿ ಮತ್ತು ಕೇಡನ್ನು ದೂರವಿಡುತ್ತದೆ ಎಂಬ ನಂಬಿಕೆ. ಕತ್ತಿಯ ಹಿಡಿಯ ತಡೆಬಿಲ್ಲೆಗಳಲ್ಲೂ ಇದೇ ಆಕಾರವನ್ನು ಕೊರೆಯುತ್ತಿದ್ದರು. ಪ್ರೇಮಿಗಳು ಫೋಟೊ ತೆಗೆಸಿಕೊಳ್ಳಲಿ ಬಿಡಿ, ಹಂದಿಗೇನೂ ಬೇಸರವಿಲ್ಲ.

ನಾನು ಮರಗೆಲಸದ ಮನೆತನದವನು, ಹಾಗಾಗಿ ಬಾಗಿಲನ್ನು ನೋಡುವ ಕಣ್ಣು ಸ್ವಲ್ಪ ಬೇರೆ. ಮೇಲಿನಿಂದ ಕೆಳಗೆ ಬರುತ್ತೇನೆ.

ಮಾಡಿನ ನೆತ್ತಿಯ ಎರಡು ತುದಿಗಳಲ್ಲಿ ಬಾಲ ಎತ್ತಿದ ಮೀನು, ಶಾಚಿಹೊಕೊ. ಮೈ ಮೀನಿನದು, ತಲೆ ಹುಲಿಯದು. ಬೆಂಕಿ ಬಿದ್ದರೆ ಬಾಯಿಂದ ನೀರು ಉಗುಳುತ್ತದೆ ಎಂಬ ನಂಬಿಕೆ. ನಗೋಯಾ ಗೋಪುರದ ಚಿನ್ನದ ಜೋಡಿಯೇ ಪ್ರಸಿದ್ಧವಾದರೂ ಹೆಬ್ಬಾಗಿಲುಗಳ ಮೇಲೂ ಇದು ಉಂಟು. ಸಾಗಾ ಕೋಟೆಯಲ್ಲಿ 1838ರಲ್ಲಿ ಕಟ್ಟಿದ ಬಾಗಿಲಿನ ಹೆಸರೇ ಶಾಚಿಯ ಬಾಗಿಲು. ಆ ಬಾಗಿಲಿನ ಕದ, ಕಂಬಗಳಲ್ಲಿ 1874ರ ದಂಗೆಯ ಗುಂಡಿನ ತೂತುಗಳು ಈಗಲೂ ಇವೆ. ಬೆಂಕಿಗೆ ಕಾವಲಿಟ್ಟ ಮೀನು ಗುಂಡಿಗೆ ಏನು ಮಾಡೀತು?

ಅದರ ಕೆಳಗೆ, ಮಾಡಿನ ಇಕ್ಕೆಲದ ಹಲಗೆಗಳು ಕೂಡುವ ತುದಿಯಲ್ಲಿ ಒಂದು ಕೆತ್ತಿದ ಮರದ ತುಂಡು ಇಳಿಬಿದ್ದಿರುತ್ತದೆ. ಗೆಗ್ಯೊ, ಅಂದರೆ ತೂಗುಮೀನು. ಇದೂ ನೀರಿನ ಪ್ರಾಣಿ, ಇದೂ ಬೆಂಕಿಗೆ ತಡೆ. ನೋಡಿದವರಿಗೆ ಮೀನಿನ ಆಕಾರ ಗೊತ್ತಾಗುವುದೂ ಇಲ್ಲ, ಬಳ್ಳಿಯ ಹಾಗೆ ಕಾಣುತ್ತದೆ. ಹಂದಿಕಣ್ಣನ್ನು ಹೆಚ್ಚಾಗಿ ಇದರಲ್ಲೇ ಕೊರೆದಿರುತ್ತಾರೆ. ನಿಮ್ಮ ತಂಗಿ ನೋಡಿದ್ದು ಇದನ್ನೇ ಇರಬೇಕು. ಈ ತುಂಡಿಗೆ ಕೆಲಸವೂ ಇದೆ: ಮಾಡಿನ ಮುಖ್ಯ ತೊಲೆಯ ಕಡಿದ ತುದಿಗೆ ಮಳೆ ಬಿದ್ದರೆ ಮರ ಬೇಗ ಕೊಳೆಯುತ್ತದೆ, ಇದು ಅದನ್ನು ಮುಚ್ಚುತ್ತದೆ.

ಇನ್ನೂ ಕೆಳಗೆ ಕದದ ಮೇಲಿನ ಲೋಹದ ಕೆಲಸ. ಗುಬಟು ಗುಬಟಾಗಿ ಕಾಣುವ ಕಬ್ಬಿಣದ ಬಟ್ಟಲುಗಳು ಮೊಳೆಯ ತಲೆಯನ್ನು ಮುಚ್ಚುವುದಕ್ಕೆ. ಆರು ಎಲೆಯ ಹೂವಿನಂಥ ಬಿಲ್ಲೆಗಳೂ ಅದಕ್ಕೇ. ಎಲ್ಲವನ್ನೂ ಸಂಕೇತ ಎನ್ನುವವರು ಇದನ್ನು ಗಮನಿಸಬೇಕು, ಏನೂ ಸಂಕೇತವಲ್ಲ ಎನ್ನುವವರೂ ಗಮನಿಸಬೇಕು. ಮೊಳೆ ತುಕ್ಕು ಹಿಡಿಯಬಾರದು ಎಂದು ಬಟ್ಟಲು ಇಟ್ಟ. ಇಟ್ಟ ಮೇಲೆ ಅದಕ್ಕೊಂದು ಚಂದದ ಆಕಾರ ಕೊಟ್ಟ. ಕೊಟ್ಟ ಮೇಲೆ ಅದು ಎಷ್ಟಿದೆ, ಯಾವ ಲೋಹದ್ದು ಎಂಬುದರಿಂದ ಒಡೆಯನ ಅಂತಸ್ತು ಗೊತ್ತಾಗತೊಡಗಿತು. ಬಡಗಿಗೆ ಮೂರೂ ಒಂದೇ ಕೆಲಸ.

ಕೊನೆಗೊಂದು, ಚರ್ಚೆಗೆ ಸಂಬಂಧವಿಲ್ಲದಿದ್ದರೂ ಹೇಳದೆ ಇರಲಾರೆ. ಒಸಾಕಾ ಕೋಟೆಯ ಒತೆಮೊನ್, ಅಂದರೆ ಎದುರಿನ ಹೆಬ್ಬಾಗಿಲಿನಲ್ಲಿ ಒಂದು ಆಸರೆ ಕಂಬದ ಬುಡ ಕೊಳೆತಾಗ ಹೊಸ ತುಂಡು ಸೇರಿಸಿದ್ದಾರೆ. ಆ ಕೂಡುಗೆಯನ್ನು ನೋಡಿದರೆ ತಲೆ ಕೆಡುತ್ತದೆ. ಎರಡು ಎದುರುಬದುರು ಮುಖಗಳಲ್ಲಿ ಪಾರಿವಾಳದ ಬಾಲದಂಥ ಕಚ್ಚು, ಉಳಿದ ಎರಡರಲ್ಲಿ ಬೆಟ್ಟದ ತುದಿಯಂಥ ಗೆರೆ. ಮೇಲಿನಿಂದ ಇಳಿಸಲೂ ಆಗದು, ಪಕ್ಕದಿಂದ ತೂರಿಸಲೂ ಆಗದು. 1983ರಲ್ಲಿ ಎಕ್ಸ್-ರೇ ತೆಗೆದ ಮೇಲೆ ಒಳಗಿನ ಗುಟ್ಟು ತಿಳಿಯಿತು: ಓರೆಯಾಗಿ ಜಾರಿಸಿ ಕೂಡಿಸಿದ್ದಾರೆ. ಕೆಂಗಲ್ಲು ಅವರೇ, ಹೋದಾಗ ತಾಕೋ ಇಶಿಯ ಜೊತೆಗೆ ಆ ಕಂಬವನ್ನೂ ಬಗ್ಗಿ ನೋಡಿ. ಜನ ಅದರ ಪಕ್ಕದಲ್ಲೇ ನಡೆದು ಹೋಗುತ್ತಾರೆ, ಒಬ್ಬರೂ ನೋಡುವುದಿಲ್ಲ.

ನಿರ್ವಾಹಕ

ಚಿತ್ರದುರ್ಗ, ಬೀದರ್ ಕೋಟೆಗಳ ಹೋಲಿಕೆಯ ನಾಲ್ಕು ಪ್ರತಿಕ್ರಿಯೆಗಳನ್ನು ಬೇರೆ ಚರ್ಚೆಗೆ ಸಾಗಿಸಿದ್ದೇನೆ. ಇಲ್ಲಿ ಜಪಾನಿನ ಬಾಗಿಲಷ್ಟೇ ಇರಲಿ.

ಪಂಚಾಂಗದ ಪುಟ

ನಿರ್ವಾಹಕರ ಮಾತನ್ನು ಮೀರದೆ ಒಂದು ವಿಷಯ ಹೇಳುತ್ತೇನೆ, ಏಕೆಂದರೆ ಇದು ನಮ್ಮವರಿಗೆ ತಕ್ಷಣ ಕಣ್ಣಿಗೆ ಹೊಡೆಯುವಂಥದ್ದು. ನಮ್ಮ ವಾಸ್ತುವಿನಲ್ಲಿ ಈಶಾನ್ಯ ದೇವಮೂಲೆ. ಬಾವಿ ತೆಗೆಯುವುದು ಅಲ್ಲಿ, ದೇವರ ಕೋಣೆ ಅಲ್ಲಿ. ಜಪಾನಿನಲ್ಲಿ ಅದೇ ಈಶಾನ್ಯಕ್ಕೆ ಕಿಮೊನ್ ಎಂದು ಹೆಸರು, ಅಂದರೆ ರಕ್ಕಸರ ಬಾಗಿಲು! ಕೇಡೆಲ್ಲ ಆ ಮೂಲೆಯಿಂದಲೇ ಒಳಗೆ ಬರುತ್ತದೆಂಬ ನಂಬಿಕೆ ಚೀನಾದ ಯಿನ್-ಯಾಂಗ್ ವಿದ್ಯೆಯ ಜೊತೆಗೆ ಅಲ್ಲಿಗೆ ಹೋಯಿತು.

ಕೋಟೆ ಕಟ್ಟುವವರು ಇದಕ್ಕೆ ಮಾಡಿದ ಉಪಾಯ ಸೊಗಸಾಗಿದೆ. ರಕ್ಕಸ ಬರುವುದು ಈಶಾನ್ಯದ ಮೂಲೆಯಿಂದ ತಾನೇ, ಮೂಲೆಯನ್ನೇ ಇಲ್ಲದಂತೆ ಮಾಡಿದರು. ಉಏದಾ ಕೋಟೆಯ ಈಶಾನ್ಯ ಮೂಲೆಯನ್ನು ಒಳಕ್ಕೆ ಕತ್ತರಿಸಿದ್ದಾರೆ. ಕಾಗೋಶಿಮಾ ಕೋಟೆಯ ಕಲ್ಲುಗೋಡೆಯೂ ಆ ಜಾಗದಲ್ಲಿ ಒಳಸರಿದಿದೆ. ಕ್ಯೋಟೊದ ಚಕ್ರವರ್ತಿಯ ಅರಮನೆಯ ಗೋಡೆಗೂ ಅದೇ ಮೂಲೆಯಲ್ಲಿ ತಗ್ಗು, ಸೂರಿನ ಕೆಳಗೆ ಕಾವಲಿಗೆ ಮರದ ಕೋತಿ. ಅದು ಓಡಾಡಿ ತಂಟೆ ಮಾಡುತ್ತದೆಂದು ತಂತಿಯ ಬಲೆ ಬೇರೆ ಹಾಕಿದ್ದಾರೆ.

ಎಡೊದಲ್ಲಿ ಇದು ಊರಿನ ಅಳತೆಗೆ ಬೆಳೆಯಿತು. ಶೋಗನ್‌ಗಳ ಸಲಹೆಗಾರ ತೆಂಕಾಯ್ ಎಂಬ ಸನ್ಯಾಸಿ 1625ರಲ್ಲಿ ಕೋಟೆಯ ಈಶಾನ್ಯದ ಉಏನೊ ಗುಡ್ಡದ ಮೇಲೆ ಕಾನ್‌ಏಜಿ ದೇವಾಲಯವನ್ನು ಕಟ್ಟಿಸಿದ. ಕ್ಯೋಟೊಗೆ ಈಶಾನ್ಯದಲ್ಲಿ ಹಿಏ ಬೆಟ್ಟದ ಮಠ ಕಾವಲಿರುವಂತೆ ಎಡೊಗೂ ಒಂದು ಇರಲಿ ಎಂದು. ಹಾಗಾಗಿ ಕೆಂಗಲ್ಲು ಅವರ ಪ್ರಶ್ನೆಗೆ ನನ್ನ ಉತ್ತರ: ಮೂರನೆಯ ಅತಿಥಿಯೊಬ್ಬನಿದ್ದಾನೆ. ಶತ್ರುವೂ ಅಲ್ಲ, ದೊರೆಯೂ ಅಲ್ಲ, ಕಣ್ಣಿಗೆ ಕಾಣದವನು. ಅವನಿಗಾಗಿ ಬಾಗಿಲು ಕಟ್ಟಲಿಲ್ಲ, ಬಾಗಿಲೇ ಇಲ್ಲದಂತೆ ಮಾಡಿದರು.

ಕೆಂಗಲ್ಲು

ಈಶಾನ್ಯದ ವಿಷಯ ಬಹಳ ಹಿಡಿಸಿತು. ಆದರೆ ಒಂದು ಎಚ್ಚರ. ಬೆಟ್ಟದ ಇಳಿಜಾರು, ನದಿಯ ತಿರುವು, ಕೆಸರು ಇವುಗಳಿಂದಾಗಿಯೂ ಕೋಟೆಯ ಮೂಲೆಗಳು ಓರೆಯಾಗುತ್ತವೆ. ಒಳಸರಿದ ಈಶಾನ್ಯ ಮೂಲೆಗಳೆಲ್ಲ ರಕ್ಕಸನ ಭಯದಿಂದಲೇ ಆದವು ಎನ್ನಲು ಆಗದು. ನೀವು ಹೇಳಿದ ಉದಾಹರಣೆಗಳಲ್ಲಿ ನೆಲ ಸಪಾಟಾಗಿದ್ದರೂ ಮೂಲೆ ಮುರಿದಿರುವುದರಿಂದ ನಂಬಬಹುದು.

ಯೊಡೊ ದಂಡೆ

ಬಾಗಿಲು ಅತಿಥಿಗಾಗಿಯೇ ಇದ್ದದ್ದು ಎನ್ನಲು ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಕ್ಯೋಟೊದ ನಿಜೊ ಕೋಟೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ತೊಕುಗಾವಾ ಇಯೆಯಾಸು 1603ರಲ್ಲಿ ಇದನ್ನು ಕಟ್ಟಿಸಿದ. ಎಡೊದಲ್ಲಿ ಕುಳಿತು ಆಳುವ ಶೋಗನ್ ಕ್ಯೋಟೊಗೆ ಬಂದಾಗ ಇಳಿಯುವ ಜಾಗ, ಚಕ್ರವರ್ತಿಯ ಅರಮನೆಯಿಂದ ಹೆಚ್ಚು ದೂರವಿಲ್ಲ. ಯುದ್ಧಕ್ಕಿಂತ ಠೀವಿಗೆ ಕಟ್ಟಿದ ಕೋಟೆ. 1626ರಲ್ಲಿ ಚಕ್ರವರ್ತಿ ಗೊಮಿಜುನೊಓ ಇಲ್ಲಿಗೆ ಬಂದು ಐದು ದಿನ ತಂಗಿದ. ಆಗ ಪೂರ್ವದ ಹೆಬ್ಬಾಗಿಲು ಒಂದು ಸಮಸ್ಯೆಯಾಯಿತು. ಹಳೆಯ ಎಂಜಿನಿಯರ್ ಹೇಳಿದ ಹಾಗೆ ಅದರ ಮೇಲೆ ಮಾಳಿಗೆ ಇದ್ದರೆ, ಚಕ್ರವರ್ತಿ ಕೆಳಗೆ ಹಾದುಹೋಗುವಾಗ ಮೇಲೊಬ್ಬ ಕಾವಲುಗಾರ ನಿಂತ ಹಾಗಾಗುತ್ತದೆ. ಚಕ್ರವರ್ತಿಯನ್ನು ಮೇಲಿನಿಂದ ನೋಡುವುದೆಂದರೇನು! ಆ ಭೇಟಿಯ ಕಾಲಕ್ಕೆ ಬಾಗಿಲು ಮಾಳಿಗೆಯಿಲ್ಲದ ಒಂದೇ ಅಂತಸ್ತಿನದಾಗಿತ್ತು ಎಂದೂ, ಈಗಿರುವ ಎರಡಂತಸ್ತಿನ ಬಾಗಿಲು 1662ರಲ್ಲಿ ಮತ್ತೆ ಎದ್ದದ್ದು ಎಂದೂ ಅಲ್ಲಿನವರ ವಿವರಣೆ. ಅತಿಥಿಯ ಗೌರವಕ್ಕಾಗಿ ಕೋಟೆಯ ರಕ್ಷಣೆಯನ್ನೇ ಕಳಚಿಟ್ಟರು ಎಂದಾಯಿತು.

ಅದನ್ನು ದಾಟಿ ಒಳಗೆ ಹೋದರೆ ನಿನೊಮಾರು ಅರಮನೆಯ ಎದುರಿಗೆ ಕರಾಮೊನ್. ಹಿಂದೆಯೂ ಮುಂದೆಯೂ ಬಿಲ್ಲಿನಂತೆ ಬಾಗಿ ಎದ್ದ ಮಾಡು. ಹಿನೊಕಿ ಮರದ ತೊಗಟೆಯ ಹೊದಿಕೆ. ಕೆಳಗೆ ಬಣ್ಣಬಣ್ಣದ ಕೆತ್ತನೆ: ಕೊಕ್ಕರೆ, ಪೈನ್, ಬಿದಿರು, ಸಿಂಹ, ಪಿಯೋನಿ ಹೂವಿಗೆ ಎರಗಿದ ಚಿಟ್ಟೆ. ಕೊಕ್ಕರೆ, ಪೈನ್ ದೀರ್ಘಾಯುಷ್ಯಕ್ಕೆ. ಸಿಂಹ ಕಾವಲಿಗೆ, ಜಪಾನಿನ ಕಾಡಿನಲ್ಲಿ ಸಿಂಹ ಇರಲೇ ಇಲ್ಲ, ಬೌದ್ಧ ಧರ್ಮದ ಬೆನ್ನಿಗೆ ಭಾರತದಿಂದ ಚೀನಾ, ಕೊರಿಯಾ ಹಾದು ಬಂದ ಪ್ರಾಣಿ ಅದು. ಅದಕ್ಕೇ ಗುಂಗುರು ಕೂದಲು, ನಾಯಿಯಂಥ ಮುಖ.

ಕರಾಮೊನ್‌ನ ಚಿನ್ನದ ಮುಲಾಮಿನ ಬಿಲ್ಲೆಗಳಲ್ಲಿ ಹದಿನಾರು ಎಸಳಿನ ಸೇವಂತಿಗೆ ಇದೆ, ಚಕ್ರವರ್ತಿಯ ಲಾಂಛನ. ಆದರೆ ಕಟ್ಟಿಸಿದ್ದು ತೊಕುಗಾವಾ ಮನೆತನ, ಅವರ ಲಾಂಛನ ಆಓಯಿ ಎಂಬ ಗಿಡದ ಮೂರು ಎಲೆಗಳು. 1867ರಲ್ಲಿ ಕೊನೆಯ ಶೋಗನ್ ಅಧಿಕಾರವನ್ನು ಬಿಟ್ಟುಕೊಡುವ ತೀರ್ಮಾನವನ್ನು ತಿಳಿಸಿದ್ದು ಇದೇ ಅರಮನೆಯಲ್ಲಿ. 1884ರಲ್ಲಿ ಕೋಟೆ ಚಕ್ರವರ್ತಿ ಮನೆತನದ ಉಪ ಅರಮನೆಯಾಯಿತು. ಆಗ ಎಲೆಗಳನ್ನು ಮರೆಮಾಡಿ ಹೂವುಗಳನ್ನು ಕೂಡಿಸಿದರು. 2013ರಲ್ಲಿ ಮುಗಿದ ಜೀರ್ಣೋದ್ಧಾರದ ವೇಳೆ ಸೇವಂತಿಗೆಯ ಅಡಿಯಲ್ಲಿ ಹಳೆಯ ಆಓಯಿ ಕಾಣಿಸಿತು. ಒಡೆಯ ಬದಲಾದದ್ದನ್ನು ಊರಿಗೆ ಸಾರಲು ಕೋಟೆಯನ್ನು ಒಡೆಯಬೇಕಾಗಲಿಲ್ಲ, ಅಂಗೈಯಗಲದ ಬಿಲ್ಲೆಗಳನ್ನು ಬದಲಿಸಿದರೆ ಸಾಕಾಯಿತು.

ಹಳೆಯ ಎಂಜಿನಿಯರ್

ನಿಜೊ ಕೋಟೆಯ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ, ಅದು ಹೆಸರಿಗಷ್ಟೇ ಕೋಟೆ. ಆದರೆ ನಿಮ್ಮ ಠೀವಿಯ ಬಾಗಿಲುಗಳು ಎಷ್ಟು ಕಾಪಾಡಿದವು ಎಂದೂ ನೋಡಿ.

ಎಡೊ ಕೋಟೆಯ ಸಕುರಾದಾಮೊನ್ ಇಂದಿಗೂ ಟೋಕಿಯೊದ ನಡುವೆ ಗಟ್ಟಿಯಾಗಿ ನಿಂತಿದೆ. 1923ರ ಭೂಕಂಪದಲ್ಲಿ ಹಾಳಾದದ್ದನ್ನು ಸರಿಪಡಿಸಿದ್ದಾರೆ. ನಾನು ಮೇಲೆ ವಿವರಿಸಿದ ಮಸುಗಾತಾಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ. 1860ರ ಮಾರ್ಚ್ 24ರಂದು, ಬೆಳಗಿನ ಹಿಮಪಾತದಲ್ಲಿ, ಶೋಗನ್ ಸರ್ಕಾರದ ಅತಿ ದೊಡ್ಡ ಅಧಿಕಾರಿ ಇಇ ನಾಓಸುಕೆ ತನ್ನ ಮನೆಯಿಂದ ಪಲ್ಲಕ್ಕಿಯಲ್ಲಿ ಹೊರಟ. ಮನೆಯಿಂದ ಬಾಗಿಲಿಗೆ ಇದ್ದದ್ದು ಅರ್ಧ ಕಿಲೋಮೀಟರಿನಷ್ಟು ದಾರಿ. ಜೊತೆಗೆ ಸುಮಾರು 60 ಜನರ ಬೆಂಗಾವಲು. ಹಿಮದಿಂದ ತೋಯಬಾರದೆಂದು ಎಲ್ಲರೂ ಕತ್ತಿಯ ಹಿಡಿಗಳಿಗೆ ಗವಸು ಕಟ್ಟಿದ್ದರು. ಬಾಗಿಲಿನ ಹೊರಗೆ ಕಾದಿದ್ದ 18 ಜನ, ಮಿತೊ ಸಂಸ್ಥಾನ ಬಿಟ್ಟು ಬಂದ 17 ಮತ್ತು ಸತ್ಸುಮಾದ ಒಬ್ಬ, ಮೇಲೆ ಬಿದ್ದರು. ಬೆಂಗಾವಲಿನವರು ಗವಸು ಬಿಚ್ಚುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾಓಸುಕೆಯ ತಲೆ ಕಡಿದರು.

ಮೂರು ಕಡೆಯಿಂದ ಗುಂಡು ಹಾರಿಸುವ ಅಂಗಳ, ಕಬ್ಬಿಣದ ಕದ, ಕಂದಕ, ಎಲ್ಲವೂ ಇತ್ತು. ಅದು ಕೋಟೆಯ ಒಳಗಿನವರನ್ನು ಕಾಯುವ ಯಂತ್ರ. ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ಈಚೆಗೆ ಅದಕ್ಕೆ ಕೈಯಿಲ್ಲ.

ಉಳಿ ಸುತ್ತಿಗೆ

ಎಂಜಿನಿಯರ್ ಸರ್, ಇದು ನಿಮ್ಮ ವಾದಕ್ಕೇ ಹೊಡೆತವಲ್ಲವೇ? ಆ ದಿನ ಅಧಿಕಾರಿಗಳು, ದೊರೆಗಳು ಸಾಲುಗಟ್ಟಿ ಕೋಟೆಗೆ ಹೋಗುತ್ತಿದ್ದದ್ದು ಹಬ್ಬದ ದರ್ಬಾರಿಗೆ, ಅಂದರೆ ಅತಿಥಿಗಳಾಗಿ. ಯಾರು ಯಾವಾಗ ಯಾವ ಬಾಗಿಲಿಗೆ ಬರುತ್ತಾರೆ ಎಂದು ಊರಿಗೆಲ್ಲ ಗೊತ್ತಿತ್ತು. ಮೆರವಣಿಗೆ ನೋಡಲು ಜನ ನಿಲ್ಲುತ್ತಿದ್ದರು, ಕೊಲೆಗಾರರು ಆ ಜನರ ನಡುವೆಯೇ ನಿಂತಿದ್ದರು.

ತಾಳೆಗರಿ

ಹಬ್ಬದ ದರ್ಬಾರು ಎಂದಿರಲ್ಲ, ಆ ದರ್ಬಾರಿಗೆ ಹೋಗುವ ದೊರೆ ಬಾಗಿಲುಗಳ ಮುಂದೆ ಏನೇನು ಕಳೆದುಕೊಳ್ಳುತ್ತಿದ್ದ ಎಂಬುದನ್ನು ಯಾರೂ ಹೇಳಲಿಲ್ಲ.

ಎಡೊ ಕೋಟೆಯ ಒತೆಮೊನ್‌ಗೆ ದೈಮ್ಯೊ, ಅಂದರೆ ಸಂಸ್ಥಾನದ ದೊರೆಯೊಬ್ಬ ಬಂದನೆನ್ನಿ. ಊರಿನಲ್ಲಿ ಅವನೇ ರಾಜ. ಬಾಗಿಲಿನ ಹೊರಗೆ ಕುದುರೆ ಇಳಿಯಿರಿ ಎಂಬ ಫಲಕ. ಹಿಂಬಾಲಕರಲ್ಲಿ ಹೆಚ್ಚಿನವರು ಅಲ್ಲೇ ನಿಂತರು, ಮಳೆಯಿರಲಿ ಬಿಸಿಲಿರಲಿ ಒಡೆಯ ಬರುವವರೆಗೆ ಕಾಯಬೇಕು. ಸ್ವಲ್ಪ ಮುಂದೆ ಇನ್ನೊಂದು ಬಾಗಿಲು. ಅಲ್ಲಿ ಪಲ್ಲಕ್ಕಿಯಿಂದಲೂ ಇಳಿಯಬೇಕು. ಶೋಗನ್ ಮನೆತನದ ಮೂರು ಕವಲುಗಳವರಿಗೆ ಮಾತ್ರ ಅದಕ್ಕೆ ವಿನಾಯಿತಿ. ಅದಾದ ಮೇಲೆ ನೂರಾಳು ಕಾವಲುಮನೆ ಎಂಬ ಉದ್ದನೆಯ ಕಟ್ಟಡ, ಇವತ್ತೂ ಇದೆ. ನೂರು ನೂರು ಜನರ ನಾಲ್ಕು ಪಡೆಗಳು ಸರದಿಯಲ್ಲಿ ಅಲ್ಲಿ ಕಾವಲಿರುತ್ತಿದ್ದವು. ಅದರ ಎದುರಿನ ನಡುಬಾಗಿಲಿನ ಗೋಡೆಗೆ ಆ ಕೋಟೆಯಲ್ಲೇ ಅತಿ ದೊಡ್ಡ ಕಲ್ಲುಗಳು, ಸಂದಿಗೆ ಕಾಗದವೂ ತೂರದಂತೆ ಆಯದಲ್ಲಿ ಕೆತ್ತಿ ಜೋಡಿಸಿದ್ದು. ದೊರೆ ಕೊನೆಗೆ ಅರಮನೆ ಮುಟ್ಟುವಾಗ ಬೆರಳೆಣಿಕೆಯ ಆಳುಗಳ ಜೊತೆ ಕಾಲ್ನಡಿಗೆಯಲ್ಲಿರುತ್ತಿದ್ದ. ಒಂದೊಂದು ಬಾಗಿಲೂ ಅವನಿಂದ ಏನನ್ನೋ ಕಿತ್ತುಕೊಂಡಿತ್ತು. ನನ್ನ ಮಟ್ಟಿಗೆ ಈ ಬಾಗಿಲುಗಳ ಸಂಕೇತ ಇರುವುದು ಮೀನಿನಲ್ಲೋ ಹಂದಿಕಣ್ಣಿನಲ್ಲೋ ಅಲ್ಲ, ಈ ಇಳಿಸುವಿಕೆಯಲ್ಲಿ.

ದೊರೆಗಳ ಎಡೊ ಮನೆಗಳ ಬಾಗಿಲಿಗೂ ಇದೇ ಶಿಸ್ತು. ಎಷ್ಟು ಕೊಕು (ಅಕ್ಕಿಯ ಅಳತೆ) ಅಕ್ಕಿಯ ಆದಾಯ ಎಂಬುದನ್ನು ನೋಡಿಕೊಂಡು ಬಾಗಿಲಿನ ಪಕ್ಕದ ಕಾವಲುಮನೆ ಒಂದೋ ಎರಡೋ, ಅದರ ಮಾಡು ಎಂಥದ್ದು ಎಂದು ಕಟ್ಟಳೆ. ಟೋಕಿಯೊ ವಿಶ್ವವಿದ್ಯಾಲಯದ ಕೆಂಪು ಬಾಗಿಲು ಆಕಾಮೊನ್ ಕೇಳಿರಬೇಕು. ಕಾಗಾ ಸಂಸ್ಥಾನದ ಮಾಏದಾ ದೊರೆ ಶೋಗನ್ ಇಎನಾರಿಯ ಮಗಳನ್ನು ಮದುವೆಯಾದಾಗ, 1827ರಲ್ಲಿ, ಅವಳಿಗಾಗಿ ಎತ್ತಿದ್ದು. ಶೋಗನ್‌ನ ಮಗಳು ಬಂದ ಮನೆಗೆ ಮಾತ್ರ ಆ ಸಿಂಧೂರದ ಬಣ್ಣ ಸಲ್ಲುತ್ತಿತ್ತು. ಸೊಸೆಯ ತವರು ಯಾವುದೆಂದು ಬೀದಿಯಲ್ಲಿ ಹೋಗುವವನಿಗೂ ತಿಳಿಯಲಿ ಎಂದು.

ಮಲ್ಲಿಗೆ ಹಂದರ

ಮಾವನ ಮನೆಯವರು ಅಳಿಯನ ಬಾಗಿಲಿಗೇ ಬಣ್ಣ ಹೊಡೆಸಿದರು ಎನ್ನಿ.

ಕೆಂಗಲ್ಲು

ತಾಳೆಗರಿ ಅವರು ನನ್ನ ಮನಸ್ಸಿನಲ್ಲಿದ್ದುದನ್ನು ನನಗಿಂತ ಚೆನ್ನಾಗಿ ಹೇಳಿದರು. ಇನ್ನು ಹಿಮೇಜಿಯ ಬಗ್ಗೆ. ಅಲ್ಲಿ ಒಂದು ಬಾಗಿಲಿನ ಹೆಂಚಿನಲ್ಲಿ ಕ್ರೈಸ್ತರ ಶಿಲುಬೆ ಇದೆಯಂತೆ, ನಿಜವೇ?

ಯೊಡೊ ದಂಡೆ

ಇದೆ. ‘ನಿ’ ಎಂಬ ಅಕ್ಷರದಿಂದ ಕರೆಯುವ ಬಾಗಿಲಿನ ಮಾಡಿನ ತುದಿಯ ಹೆಂಚಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಾಮಾನ್ಯವಾಗಿ ಆ ಜಾಗದಲ್ಲಿ ರಕ್ಕಸನ ಮುಖ ಅಥವಾ ಮನೆತನದ ಲಾಂಛನ ಇರಬೇಕು. ಕ್ರೈಸ್ತನಾಗಿದ್ದ ಕುರೊಡಾ ಕಾನ್‌ಬೇ ಹಿಂದೆ ಈ ಕೋಟೆಯಲ್ಲಿದ್ದ, ಅವನ ನೆನಪಿಗೆ ಎನ್ನುವುದು ಎಲ್ಲರೂ ಹೇಳುವ ಕಥೆ. ಆದರೆ ಕಾನ್‌ಬೇ ಕೋಟೆಯನ್ನು ಮುಂದೆ ತೊಯೊತೊಮಿ ವಂಶವನ್ನು ಕಟ್ಟಿದ ಹಿದೆಯೋಶಿಗೆ ಒಪ್ಪಿಸಿದ್ದು 1580ರಲ್ಲಿ, ಕ್ರೈಸ್ತನಾದದ್ದು ಆಮೇಲೆ, ಈಗಿರುವ ಕೋಟೆಯನ್ನು ಇಕೆದಾ ತೆರುಮಾಸಾ ಕಟ್ಟಿಸಿದ್ದು 1601ರಿಂದ 1609ರವರೆಗೆ. ಕಥೆ ಸುಂದರವಾಗಿದೆ, ಲೆಕ್ಕ ಕೂಡುವುದಿಲ್ಲ.

ಹಿಮೇಜಿಯಲ್ಲಿ ನೋಡಬೇಕಾದದ್ದು ಬೇರೆ. ಮೊದಲು ಸಿಗುವ ಹಿಶಿ ಬಾಗಿಲು ಅಲ್ಲಿನ ದೊಡ್ಡ ಬಾಗಿಲು. ಕರಿ ಅರಗು ಹಚ್ಚಿ ಚಿನ್ನದ ಬಣ್ಣದ ಬಿಲ್ಲೆ ಹೊಡೆದ, ದೀಪದ ಕುಡಿಯಂಥ ಕಿಟಕಿಗಳು. ಬೌದ್ಧ ಮಂದಿರದ ಕಿಟಕಿ ಅದು, ಕೋಟೆಯ ಬಾಗಿಲಿಗೆ ಬಂದು ಕೂತಿದೆ. ಅದರ ಮುಂದಿನ ಬಾಗಿಲುಗಳಿಗೆ ಹೆಸರೇ ಇಲ್ಲ, ಅಕ್ಷರಗಳಿವೆ: ಇ, ರೊ, ಹಾ, ನಿ, ಹೊ. ಅವರ ಹಳೆಯ ಅಕ್ಷರಮಾಲೆಯ ಕ್ರಮ. 47 ಅಕ್ಷರಗಳನ್ನು ಒಂದೊಂದು ಸಲ ಮಾತ್ರ ಬಳಸಿ ಕಟ್ಟಿದ ಪದ್ಯವೊಂದರಿಂದ ಬಂದದ್ದು, ಆ ಪದ್ಯದ ವಸ್ತು ಬದುಕಿನ ಅನಿತ್ಯತೆ. ಅಕ್ಷರಗಳು ಸರದಿಯಲ್ಲಿ ಬರುತ್ತವೆ, ದಾರಿ ಮಾತ್ರ ಸರದಿಯಲ್ಲಿಲ್ಲ. ಗೋಪುರ ಎದುರಿಗೇ ಕಾಣುತ್ತಿರುವಾಗ ದಾರಿ ಬೆನ್ನು ತಿರುಗಿಸಿ ನಡೆಸುತ್ತದೆ. ಹೊ ಬಾಗಿಲು ಕಳೆದು ನೀರಿನ ಬಾಗಿಲುಗಳ ಹತ್ತಿರ ಮೇಲೆ ಹೋಗಬೇಕಾದಲ್ಲಿ ಇಳಿಜಾರು ಬರುತ್ತದೆ, ತಪ್ಪು ಕಡೆಗೆ ಬಂದೆನೇ ಎನ್ನಿಸುತ್ತದೆ. ಹಿಶಿ ಬಾಗಿಲಿನ ಬಲಕ್ಕೆ ಕಲ್ಲುಗೋಡೆಯೊಳಗೆ ಬಿಲದ ಹಾಗೆ ಅಡಗಿರುವ ರು ಬಾಗಿಲನ್ನು ತಪ್ಪಿಸಬೇಡಿ.

ಹಳೆಯ ಎಂಜಿನಿಯರ್

ಇದು ಯುದ್ಧದ ಲೆಕ್ಕ ಎಂದು ಈಗಲಾದರೂ ಒಪ್ಪುತ್ತೀರಾ? ಇಳಿಜಾರು, ಅಡಗಿದ ಬಾಗಿಲು, ಬೆನ್ನು ತಿರುಗಿಸುವ ದಾರಿ.

ಯೊಡೊ ದಂಡೆ

ಒಪ್ಪಿದೆ. ಹಿಮೇಜಿ ಕಟ್ಟಿದ್ದು 1615ಕ್ಕೆ ಮೊದಲು, ಯುದ್ಧ ಇನ್ನೂ ಇದ್ದಾಗ. ಒಸಾಕಾದ ಕನ್ನಡಿಕಲ್ಲು ಆಮೇಲಿನದು. ವ್ಯತ್ಯಾಸ ನಿಮ್ಮ ಕಣ್ಣೆದುರಿಗೇ ಇದೆ.

ತಾಳೆಗರಿ

ಕಾಲಕ್ಕೆ ತಕ್ಕಂತೆ ಬಾಗಿಲು ಎಂದಾದರೆ ಕಾನಾಜಾವಾದ ಇಶಿಕಾವಾಮೊನ್ ನೋಡಿ. 1788ರದ್ದು, ಶಾಂತಿಯ ನಡುಮಧ್ಯದಲ್ಲಿ. ಮಾಡಿಗೆ ಸೀಸದ ಹೆಂಚು. ಗಾಳಿಗೆ ಬೆಳ್ಳಗಾಗಿ ಹಿಮ ಬಿದ್ದ ಹಾಗೆ ಹೊಳೆಯುತ್ತದೆ. ಯುದ್ಧ ಬಂದರೆ ಕರಗಿಸಿ ಗುಂಡು ಮಾಡಲು ಎಂದು ಸ್ಥಳೀಯರ ಕಥೆ. ನನಗೇನೋ ಬೆಳ್ಳಗೆ ಕಾಣಲಿ ಎಂಬ ಆಸೆಯೇ ಹೆಚ್ಚೆನಿಸುತ್ತದೆ. ಅದರ ಮಸುಗಾತಾದೊಳಗೆ ನಿಂತರೆ ಒಂದು ಕಡೆಯ ಗೋಡೆ ನುಣುಪಾಗಿ ಕೆತ್ತಿದ ಕಲ್ಲಿನದು, ಇನ್ನೊಂದು ಒರಟು ಕಲ್ಲಿನದು. ಅಷ್ಟೆಲ್ಲ ಮಾಡಿದ್ದೂ ಕೋಟೆಯ ಹಿಂಬಾಗಿಲಿಗೆ!

ಪಂಚಾಂಗದ ಪುಟ

ಅತಿಥಿಯ ಬಾಗಿಲು ಬೇಕಿದ್ದರೆ ಒಕಿನಾವಾದ ಶುರಿ ಕೋಟೆಗೆ ಹೋಗಿ. ಮೊದಲ ಬಾಗಿಲು ಶುರೇಮೊನ್‌ಗೆ ಕದಗಳೇ ಇಲ್ಲ. ನಾಲ್ಕು ಕೆಂಪು ಕಂಬ, ಎರಡು ಅಂತಸ್ತಿನ ಮಾಡು, ನಡುವೆ ಒಂದು ಫಲಕ: ಇದು ಮರ್ಯಾದೆಯನ್ನು ಪಾಲಿಸುವ ನಾಡು. ಮೊದಮೊದಲು ಚೀನಾದ ರಾಯಭಾರಿಗಳು ಬಂದಾಗಷ್ಟೇ ಆ ಫಲಕ ಹಾಕಿ, ಅವರು ಹೋದ ಮೇಲೆ ಬೇರೆಯದನ್ನು ಹಾಕುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಅದು ಅಲ್ಲೇ ಉಳಿಯಿತು. ಜಪಾನಿನ 2000 ಯೆನ್ ನೋಟಿನ ಮೇಲಿರುವುದು ಇದೇ ಬಾಗಿಲು.

ಹಳೆಯ ಎಂಜಿನಿಯರ್

ಶುರಿ ರ‍್ಯೂಕ್ಯು ರಾಜ್ಯದ್ದು. 1609ರಲ್ಲಿ ಸತ್ಸುಮಾದವರು ದಾಳಿ ಮಾಡಿ ಅಧೀನಕ್ಕೆ ತೆಗೆದುಕೊಂಡರೂ 1879ರವರೆಗೆ ಅಲ್ಲಿ ಬೇರೆ ರಾಜನೇ ಇದ್ದ. ಅದನ್ನು ಜಪಾನಿನ ಕೋಟೆಗಳ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ.

ಪಂಚಾಂಗದ ಪುಟ

ಅದಕ್ಕೇ ಸೇರಿಸಿದ್ದು. ಕಂದಕ, ಮಸುಗಾತಾ ಇಲ್ಲದ ಕಡೆ ಬಾಗಿಲು ಹೇಗಿರುತ್ತದೆ ಎಂದು ತಿಳಿಯಲಿ ಎಂದು.

ಮಲ್ಲಿಗೆ ಹಂದರ

ಶುರಿ ಸುಟ್ಟುಹೋಯಿತಲ್ಲವೇ? ಟಿ.ವಿ.ಯಲ್ಲಿ ನೋಡಿದ ನೆನಪು.

ಯೊಡೊ ದಂಡೆ

2019ರ ಅಕ್ಟೋಬರ್ 31ರಂದು ಮುಖ್ಯ ಅರಮನೆ ಮತ್ತು ಸುತ್ತಲಿನ ಕಟ್ಟಡಗಳು ಸುಟ್ಟವು. ಶುರೇಮೊನ್‌ಗೆ ಏನೂ ಆಗಲಿಲ್ಲ. ಅದೂ ಹಳೆಯದಲ್ಲ, 1945ರ ಯುದ್ಧದಲ್ಲಿ ನಾಶವಾದದ್ದನ್ನು 1958ರಲ್ಲಿ ಮತ್ತೆ ಕಟ್ಟಿದ್ದು. ಕೆಂಗಲ್ಲು ಅವರೇ, ಒಸಾಕಾಗೆ ಬಂದಾಗ ಇಲ್ಲಿಯೇ ಒಂದು ಸಾಲು ಬರೆಯಿರಿ. ಸಕುರಾಮೊನ್‌ವರೆಗೆ ಟಿಕೆಟ್ ಬೇಕಿಲ್ಲ, ಆ ಕಂಬದ ಕೂಡುಗೆಯನ್ನೂ ತೋರಿಸುತ್ತೇನೆ.